ಕುರ್ಚಿ ಗಾಡಿ ನಿಂತ ಜಾಗ

ಮೊರಬ, ಗುರುವಾರ
೨೨ ಆಗಸ್ಟ್ ೨೦೨೪

ಮಗಳು ಶಾಂಭವಿಗೆ,

ಎಷ್ಟು ತೊಳೆದರೂ ಪೆಟ್ರೋಲ್ ವಾಸನೆ ಹೋಗದ ಕೈಯಿಂದ ನಿನ್ನ ಸಂಗನಬಸವ ಕಾಕಾ ಬರೆಯುತ್ತಿದ್ದೇನೆ.

ಮೊದಲು ಮುಖ್ಯ ಮಾತು. ಬರುವ ಸೋಮವಾರ ಶಿಶುವಿಹಾರ ತೆರೆಯಬೇಡ. ಶ್ರಾವಣ ಸೋಮವಾರ, ಒಳ್ಳೆಯ ದಿನ, ಹದಿನೆಂಟು ಮಕ್ಕಳ ಹೆಸರು ಬರೆಸಿಕೊಂಡಿದ್ದೀ, ಎಲ್ಲ ಗೊತ್ತು. ಆದರೂ ನೀನು ಶಿಶುವಿಹಾರ ಮಾಡಿದ ನಮ್ಮ ಹಳೆಯ ಕಣದೊಳಗೆ ಒಂದು ಮಗುವೂ ಕಾಲಿಡಬಾರದು. ಕಾರಣ ಓದುವ ಮುಂಚೆ ಸಿಟ್ಟಾಗಬೇಡ. ಓದಿದ ಮೇಲೆ ಎಷ್ಟಾದರೂ ಆಗು.

ನೀನು ತರಬೇತಿಗೆಂದು ಬೆಳಗಾವಿಗೆ ಹೋದ ಹತ್ತು ದಿನದಿಂದ ಫೋನಿನಲ್ಲಿ ದಿನಾ ಒಂದೇ ಮಾತು ಹೇಳಿದ್ದೇನೆ. "ಏನಿಲ್ಲವ್ವಾ, ಕಾರ್ಬೋರೇಟರ್ ಕಿರಿಕಿರಿ. ನಾಳಿಗೆ ನೋಡು, ಹುಲ್ಲು ಅಗದಿ ಗಾದಿ ಆಗಿರ್ತೈತಿ." ಅದು ಸುಳ್ಳು. ಫೋನಿನಲ್ಲಿ ನನ್ನ ನಾಲಿಗೆ ಎಷ್ಟು ಚುರುಕೆಂಬುದು ನಿನಗೆ ಗೊತ್ತೇ ಇದೆ. ಕಾಗದದ ಮೇಲೆ ಏಳನೆಯ ಇಯತ್ತೆಯವರೆಗೆ ಕಲಿತ ಕೈ ನಿಧಾನ ಹೋಗುತ್ತದೆ, ಸುಳ್ಳಿಗೆ ಅಷ್ಟು ತಾಳ್ಮೆ ಇರುವುದಿಲ್ಲ. ಬಸ್ ಸ್ಟ್ಯಾಂಡ್ ಹತ್ತಿರ ಗ್ಯಾರೇಜ್ ಇಟ್ಟಿರುವ ಯುನೂಸ್ ನಾಳೆ ಬೆಳಗಾವಿಗೆ ಸಾಮಾನು ತರಲು ಹೊರಟಿದ್ದಾನೆ. ಅವನ ಕೈಯಲ್ಲಿ ಈ ಪತ್ರ.

ಗಾಡಿಯಿಂದ ಶುರುಮಾಡುತ್ತೇನೆ, ಯಾಕೆಂದರೆ ಅದರಲ್ಲಿ ನನ್ನ ತಪ್ಪು ಕಡಿಮೆ.

"ಅರ್ಧ ಎಕರೆ ಹುಲ್ಲಿಗೆ ಕುಡುಗೋಲು ಸಾಕು ಕಾಕಾ" ಎಂದು ನೀನು ಹೇಳಿದ್ದು ನಿಜ. ಆದರೆ ಹುಬ್ಬಳ್ಳಿಯಲ್ಲಿ ಗುಜರಿ ಸಿರಾಜುದ್ದೀನನ ಅಂಗಳದಲ್ಲಿ ಆ ಕೂತು ಓಡಿಸುವ ಹುಲ್ಲು ಕತ್ತರಿಸುವ ಗಾಡಿಯನ್ನು ಕಂಡ ಮೇಲೆ ನನ್ನ ಕಾಲು ಮುಂದೆ ಹೋಗಲಿಲ್ಲ. ಯಾವುದೋ ಮುಚ್ಚಿಹೋದ ಹೋಟೆಲಿನದಂತೆ. ಕೆಂಪು ಬಣ್ಣ, ಹೊಟ್ಟೆಯ ಕೆಳಗೆ ಎರಡು ಬ್ಲೇಡು, ಮೇಲೆ ಹರಿದ ಕುರ್ಚಿ. ಮೊರಬದಲ್ಲಿ ಟ್ರ್ಯಾಕ್ಟರ್ ಬೇಕಾದಷ್ಟಿವೆ, ಇಂಥದು ನವಲಗುಂದ ತಾಲೂಕಿನಲ್ಲೇ ಇನ್ನೊಂದಿಲ್ಲ. ಅದರ ಮೇಲೆ ಕೂತು ನಾನು ಬಸ್ ಸ್ಟ್ಯಾಂಡಿನ ಮುಂದೆ ಹಾದಾಗ ಚಹಾದಂಗಡಿಯವರೆಲ್ಲ ಎದ್ದು ನಿಂತರು. ಗೌರವಕ್ಕೆ ಎಂದುಕೊಂಡೆ. ಅಷ್ಟರಲ್ಲಿ ಯಾವನೋ ಕೂಗಿದ, "ಸಾವಕಾರ್ರ ಕುರ್ಚಿಗೆ ಗಾಲಿ ಬಂದಾವು ನೋಡ್ರಲೇ!" ಅಂದಿನಿಂದ ಅದರ ಹೆಸರು ಕುರ್ಚಿ ಗಾಡಿ.

ಮೊದಲ ದಿನ ಬೆಳಿಗ್ಗೆ ಗೇಟಿನಿಂದ ಹೊಡೆದುಕೊಂಡು ಹೋದೆ. ಚೆನ್ನಾಗಿ ಓಡಿತು. ಬೇವಿನ ಮರದ ಹತ್ತಿರ, ಮಕ್ಕಳು ಮಧ್ಯಾಹ್ನ ಮಲಗಲೆಂದು ನೀನು ಸುಣ್ಣದ ಗೆರೆ ಎಳೆದು ಹೋಗಿದ್ದೀಯಲ್ಲ, ಆ ಗೆರೆ ದಾಟಿತು, ಎರಡು ಸಲ ಕೆಮ್ಮಿತು, ನಿಂತಿತು. ಕೀಲಿ ತಿರುವಿದರೆ ಗರಗರ ಅನ್ನುತ್ತದೆ, ಹತ್ತುವುದಿಲ್ಲ. ತಳ್ಳಿಕೊಂಡು ಗೇಟಿನ ಕಡೆ ಬಂದೆ. ಒಂದೇ ಸಲಕ್ಕೆ ಹತ್ತಿತು. ಮತ್ತೆ ಹೊಡೆದೆ. ಮತ್ತೆ ಗೆರೆ ದಾಟಿ ನಿಂತಿತು.

ಹಳೆಯ ಪೆಟ್ರೋಲ್ ಎಂದೆ. ಆ ಜಾಗದಲ್ಲಿ ಹುಳಿತ ವಾಸನೆ ಮೂಗಿಗೆ ಬಡಿಯುತ್ತಿತ್ತು. ವರ್ಷಗಟ್ಟಲೆ ಟಾಕಿಯಲ್ಲಿ ಕೂತ ಪೆಟ್ರೋಲ್ ಹಾಗೆಯೇ ನಾರುತ್ತದೆ. ಪೂರ್ತಿ ಇಳಿಸಿ, ಟಾಕಿ ತೊಳೆದು, ಹೊಸದು ಹಾಕಿದೆ. ಮರುದಿನ ಅಲ್ಲೇ ನಿಂತಿತು. ಫಿಲ್ಟರ್ ಬಿಚ್ಚಿ ಬಿಸಿಲಿಗೆ ಹಿಡಿದರೆ ಬೆಳಕು ತೂರುತ್ತಿರಲಿಲ್ಲ. ಬದಲಿಸಿದೆ. ಪೆಟ್ರೋಲ್ ಪೈಪು ಹೊರಗೆ ನುಣ್ಣಗೆ, ಒಳಗೆ ಸಿಪ್ಪೆ ಎದ್ದಿತ್ತು. ಅದನ್ನೂ ಬದಲಿಸಿದೆ. ಪೈಪನ್ನು ಬಾಟಲಿಗೆ ಹಿಡಿದು ಎಂಜಿನ್ ತಿರುವಿದರೆ ಪಂಪು ಮೇಕೆಯ ಮೊಲೆ ಹಾಲು ಕೊಟ್ಟಂತೆ ಚಿರ್ ಚಿರ್ ಎಂದು ಪೆಟ್ರೋಲ್ ಕೊಟ್ಟಿತು. ಹೇಳು, ಈ ಊರಲ್ಲಿ ಇಷ್ಟು ಕ್ರಮವಾಗಿ ನೋಡುವವನು ಇನ್ನೊಬ್ಬನಿದ್ದಾನೆಯೇ? ಮೂರನೆಯ ದಿನ ಅಲ್ಲೇ ನಿಂತಿತು.

ಟಾಕಿಯ ಮುಚ್ಚಳದಲ್ಲಿ ಗಾಳಿಯಾಡಲು ಸೂಜಿಯಂಥ ತೂತು ಇರುತ್ತದೆ. ಅದು ಕಟ್ಟಿಕೊಂಡರೆ ಒಳಗೆ ಗಾಳಿ ಹೋಗದು, ಪೆಟ್ರೋಲ್ ಕೆಳಗಿಳಿಯದು, ಸ್ವಲ್ಪ ಓಡಿ ಎಂಜಿನ್ ಸಾಯುತ್ತದೆ. ಗಾಡಿ ನಿಂತ ಕೂಡಲೇ ಮುಚ್ಚಳ ತಿರುವಿದೆ. ಹ್ಞಾ... ಎಂದು ದೊಡ್ಡ ನಿಟ್ಟುಸಿರು ಬಂತು. ಕಳ್ಳ ಸಿಕ್ಕಿದ ಎಂದು ತೊಡೆ ತಟ್ಟಿಕೊಂಡೆ. ಸೈಕಲ್ ಬ್ರೇಕಿನ ತಂತಿಯ ಒಂದು ಎಳೆಯಿಂದ ತೂತು ಬಿಡಿಸಿ, ಸಂಜೆ ಚಹಾದಂಗಡಿಯಲ್ಲಿ ಎಲ್ಲರಿಗೂ ಪಾಠ ಮಾಡಿ ಬಂದೆ.

ನಾಲ್ಕನೆಯ ದಿನ ಅಲ್ಲೇ ನಿಂತಿತು. ಈ ಸಲ ನಾನು ಮುಚ್ಚಳ ಹಾಕಿರಲೇ ಇಲ್ಲ, ಪರೀಕ್ಷೆಗೆಂದು ಕೈಯಲ್ಲೇ ಹಿಡಿದಿದ್ದೆ. ಎಂಜಿನ್ ಸದ್ದು ಅಡಗಿತು. ಒಂದು ಗಳಿಗೆ ಬಿಟ್ಟು ಅದೇ ನಿಟ್ಟುಸಿರು ಬಂತು.

ಶಾಂಭವಿ, ಮುಚ್ಚಳ ನನ್ನ ಕೈಯಲ್ಲಿತ್ತು.

ಆಗ ಸುತ್ತ ನೋಡಿದೆ. ಹುಲ್ಲಿನಲ್ಲಿ ಒಂದು ಮಿಡತೆಯೂ ಹಾರುತ್ತಿರಲಿಲ್ಲ. ಗೋಡೆಯ ಬದಿಗೆ ಗುಬ್ಬಿಗಳು ಚಿಲಿಪಿಲಿ ಅನ್ನುತ್ತಿದ್ದವು, ಮರದ ಕೆಳಗೆ ಒಂದೂ ಇಲ್ಲ. ಸುಣ್ಣದ ಗೆರೆಯೊಳಗೆ ಒಂದು ಸಾಳುಂಕಿ ಹಕ್ಕಿ ರೆಕ್ಕೆ ಮಡಚಿಕೊಂಡು ಬಿದ್ದಿತ್ತು. ಗಾಯವಿಲ್ಲ, ಇರುವೆ ಮುತ್ತಿಲ್ಲ. ಕಾಲ ಕೆಳಗೆ ಎಲ್ಲಿಯೋ ಕಾಳು ಜಾರಿದಂತೆ ಸರ್ರ್ ಎಂದು ಸದ್ದಾಗಿ ನಿಂತಿತು. ಪೈಪಿನಲ್ಲಿ ಪೆಟ್ರೋಲ್ ಹರಿಯುತ್ತಿದೆ ಎಂದು ನನಗೆ ನಾನೇ ಹೇಳಿಕೊಂಡೆ. ಸಾಳುಂಕಿಯನ್ನು ಗೋಡೆಯಾಚೆ ಎಸೆದು, ಕಾರ್ಬೋರೇಟರ್ ಬಿಚ್ಚುತ್ತ ಕೂತೆ.

ಕಾರ್ಬೋರೇಟರ್ ನಾಲ್ಕು ಸಲ ಬಿಚ್ಚಿದೆ. ಬಟ್ಟಲು ತೊಳೆದೆ, ಜೆಟ್ಟಿನ ತೂತು ಊದಿದೆ, ಪೆಟ್ರೋಲ್ ತಡೆಯುವ ಮುಳ್ಳು ಬದಲಿಸಿದೆ. ಗಾಡಿಯನ್ನು ಯುನೂಸನ ಗ್ಯಾರೇಜಿಗೆ ಒಯ್ದರೆ ಅಲ್ಲಿ ಬೆಳಗಿನಿಂದ ಮಧ್ಯಾಹ್ನದವರೆಗೆ ಒಂದೇ ಸಮನೆ ಓಡಿತು. ಕಣಕ್ಕೆ ತಂದರೆ ಬೆಳಿಗ್ಗೆ, ಗಾಳಿ ಇಲ್ಲದ ಹೊತ್ತಿನಲ್ಲಿ, ಆ ಗೆರೆ ದಾಟಿ ಸಾಯುತ್ತದೆ. ಮಧ್ಯಾಹ್ನ ಗಾಳಿ ಎದ್ದಾಗ ಕೆಮ್ಮುತ್ತ ದಾಟಿಬಿಡುತ್ತದೆ.

"ಕಾಕಾ, ಐದನೇ ಸಲ ಬಿಚ್ಚಬ್ಯಾಡ್ರಿ, ಆ ಕಾರ್ಬೋರೇಟರಿಗೂ ನಾಚಿಕಿ ಬಂದೈತಿ" ಎಂದ ಯುನೂಸ್.

"ನೀ ಹುಟ್ಟೂಕಿಂತ ಮೊದಲ ನಾ ಪಂಪಸೆಟ್ ಬಿಚ್ಚೇನಿ, ಸುಮ್ಮ ಕೂಡೋ" ಎಂದೆ.

"ಬಿಚ್ಚೀರಿ ಖರೆ. ತಿರುಗಿ ಜೋಡಿಸಿದ್ದು ಯಾರ್ರಿ?"

ಇನ್ನು ಮೊನ್ನೆ ಮಂಗಳವಾರ ಬೆಳಿಗ್ಗೆ ನಡೆದದ್ದು. ನಿನ್ನ ಶಿಶುವಿಹಾರದಲ್ಲಿ ಕಸ ಗುಡಿಸಲು ನೀನೇ ನೇಮಿಸಿದ ಸಾವಿತ್ರೆವ್ವ ಬಂದಿದ್ದಳು. ಮಗಳ ಮಗಳು, ನಾಲ್ಕು ವರ್ಷದ ನಂದಾ, ಜೊತೆಗಿದ್ದಳು. ಅಜ್ಜಿ ಕೋಣೆ ಗುಡಿಸುವಾಗ ಮಗು ತೂಕಡಿಸಿತೆಂದು ಬೇವಿನ ಕೆಳಗೆ ಕೌದಿ ಹಾಸಿ ಮಲಗಿಸಿದ್ದಳು. ನಾನು ನೋಡಿರಲಿಲ್ಲ. ಗಾಡಿ ಹೊಡೆದುಕೊಂಡು ಬಂದವನು ಕೌದಿ ಕಂಡು ಬದಿಗೆ ಹೊರಳಿಸಿದೆ, ಗಾಡಿ ನಿಂತಿತು. ಸಾವಿತ್ರೆವ್ವನನ್ನು ಬೈಯಲು ಬಾಯಿ ತೆರೆದೆ. ಆಗ ಹೊಳೆಯಿತು: ಇಷ್ಟು ಸದ್ದು ಮಾಡಿ ಬಂದರೂ ಮಗು ಮಿಸುಕಲಿಲ್ಲ.

ಬಾಗಿ ಎತ್ತಿದೆ. ಬಾಗಿದ ಅಷ್ಟು ಹೊತ್ತಿಗೇ ನನ್ನ ಕಿವಿಯಲ್ಲಿ ಗುಂಯ್ ಎಂದಿತು. ಮಗುವಿನ ತಲೆ ಹಿಂದಕ್ಕೆ ಜೋತುಬಿತ್ತು. ತುಟಿ ನೇರಳೆ ಹಣ್ಣು ತಿಂದಂತೆ. ಗೇಟಿನವರೆಗೆ ಓಡಿದೆ. ನನ್ನ ವಯಸ್ಸಿನ ಯಾರೂ ಹಾಗೆ ಓಡಿರಲಾರರು, ಆದರೆ ಇದನ್ನು ಬಡಾಯಿಗೆ ಹೇಳುತ್ತಿಲ್ಲ. ಗಾಳಿಗೆ ಹಿಡಿದು ಬೆನ್ನು ತಟ್ಟಿದೆ. ಒಮ್ಮೆ ಉಸಿರೆಳೆದು, ವಾಂತಿ ಮಾಡಿ, ಅತ್ತಳು. ನವಲಗುಂದದ ಡಾಕ್ಟರು ನೋಡಿದ್ದಾರೆ, ಈಗ ಚೆನ್ನಾಗಿದ್ದಾಳೆ, ನನ್ನ ಜೇಬಿನ ಪೆಪ್ಪರಮೆಂಟು ಖಾಲಿ ಮಾಡುತ್ತಾಳೆ.

ಆದರೆ ಅವತ್ತು ಸಾವಿತ್ರೆವ್ವ ನನ್ನ ಕಾಲು ಮುಟ್ಟಿ ಹೇಳಿದ ಮಾತು ಕೇಳು. "ದೇವರಂಗ ಬಂದ್ರಿ ಸಣ್ಣ ಸಾವಕಾರ್ರ. ನಮ್ಮವರು ಹ್ವಾದ ಜಾಗಾ ಅದು. ಅಜ್ಜನ ಮಗ್ಗಲಾಗ ಮಲಗಲಿ ಅಂತ ಅಲ್ಲೇ ಹಾಸಿದ್ನಿ. ನೀವು ನಲವತ್ತ ಬಂಡಿ ಮಣ್ಣು ತುಂಬ್ಸೀರಿ ಅಂದಮ್ಯಾಲ ನನಗ್ಯಾಕ ಅಂಜಿಕಿ?"

ಸಾವಿತ್ರೆವ್ವನ ಗಂಡ ಹೊಳೆಪ್ಪ ನಮ್ಮ ಮನೆಯಲ್ಲಿ ಆಳಾಗಿದ್ದವನು. ಅವನ ಸಾವನ್ನು ನಿನಗೆ ಯಾರೂ ಸರಿಯಾಗಿ ಹೇಳಿಲ್ಲ.

ಅವಳು ಮನೆಗೆ ಹೋದ ಮೇಲೆ, ಸುದ್ದಿ ಕೇಳಿ ಬಂದಿದ್ದ ಯುನೂಸ್ ಬೇವಿನ ಕೆಳಗೆ ನಿಂತು ಬೆಂಕಿಕಡ್ಡಿ ಗೀರಿದ. ಎದೆಯ ಎತ್ತರದಲ್ಲಿ ಚೆನ್ನಾಗಿ ಉರಿಯಿತು. ಮೊಣಕಾಲಿನ ಹತ್ತಿರ ಇಳಿಸಿದ, ಸಣ್ಣಗಾಯಿತು. ಹುಲ್ಲಿನ ಮಟ್ಟಕ್ಕೆ ಇಳಿಸಿದ, ಯಾರೋ ಎರಡು ಬೆರಳಿನಿಂದ ಚಿವುಟಿದಂತೆ ಆರಿತು. ಮೂರು ಕಡ್ಡಿ ಗೀರಿದ. ಮೂರೂ ಹಾಗೆಯೇ.

"ಕಾಕಾ, ಗಾಡಿಗೆ ಪೆಟ್ರೋಲ್ ಬರಾಕತ್ತೈತ್ರಿ. ಗಾಳಿನ ಇಲ್ಲ. ಇದರ ಕೆಳಗ ಏನೈತಿ?"

"ಏನಿಲ್ಲೋ" ಎಂದೆ. ಆಗಲೂ ಅಂದೆ ನೋಡು.

ಅಲ್ಲಿ ಹಗೇವು ಇದೆ, ಶಾಂಭವಿ. ನೀನು ಹಗೇವು ಕಂಡವಳಲ್ಲ. ನೆಲದೊಳಗೆ ಹೂಜಿಯ ಆಕಾರದಲ್ಲಿ ಕಡಿದ ಕುಣಿ. ಬಾಯಿ ಸಣ್ಣದು, ಹೊಟ್ಟೆ ದೊಡ್ಡದು, ಎರಡಾಳು ಆಳ. ಸುಗ್ಗಿ ಆದ ಮೇಲೆ ಜೋಳ ತುಂಬಿ, ಕಲ್ಲು ಮುಚ್ಚಿ, ಮಣ್ಣು ಮೆತ್ತುತ್ತಿದ್ದರು. ಒಳಗೆ ಕಾಳಿನ ಕಾವಿಗೆ ಕೆಟ್ಟ ಗಾಳಿ ಕಟ್ಟುತ್ತದೆ. ಅದಕ್ಕೇ ತೆಗೆಯುವಾಗ ಒಂದು ದಿನ ಬಾಯಿ ತೆರೆದಿಟ್ಟು, ದೀಪವನ್ನು ಹಗ್ಗಕ್ಕೆ ಕಟ್ಟಿ ಇಳಿಸಿ ನೋಡಬೇಕು. ದೀಪ ಉರಿದರೆ ಮನುಷ್ಯ ಇಳಿಯಬಹುದು. ಆರಿದರೆ ಇಲ್ಲ.

೧೯೯೩ರ ಬೇಸಿಗೆ. ನೀನು ಆಗ ಐದು ವರ್ಷದವಳು. ನಿನ್ನ ಅಪ್ಪ ಕಾಶಿನಾಥ ಅಣ್ಣ ಹಗೇವು ತೆಗೆಸುವ ಕೆಲಸ ನನಗೆ ಒಪ್ಪಿಸಿ ಪರವೂರಿಗೆ ಹೋಗಿದ್ದ. ನಾನು ಮತ್ತು ಹೊಳೆಪ್ಪ ಬೆಳಿಗ್ಗೆ ಕಲ್ಲು ಸರಿಸಿದೆವು. ದೀಪಕ್ಕೆ ಎಣ್ಣೆ ತರಬೇಕೆಂದು ನಾನು ಮನೆಯ ಕಡೆ ತಿರುಗಿದೆ. ಅಷ್ಟರಲ್ಲಿ ಹೊಳೆಪ್ಪ ಬುಟ್ಟಿ ಹಿಡಿದು ಇಳಿದುಬಿಟ್ಟ. ಅವಸರದ ಮನುಷ್ಯ, ಊರಿಗೆಲ್ಲ ಗೊತ್ತಿರುವ ಮಾತು. ಬುಟ್ಟಿಯ ಹಗ್ಗ ಒಮ್ಮೆ ಅಲ್ಲಾಡಿತು. ಆಮೇಲೆ ಅಲ್ಲಾಡಲಿಲ್ಲ. ಕೊಕ್ಕೆ ಹಾಕಿ ಎಳೆಯುವ ಹೊತ್ತಿಗೆ ಎಲ್ಲ ಮುಗಿದಿತ್ತು.

ಅಣ್ಣ ತಿರುಗಿ ಬಂದು ಹೇಳಿದ, "ಆ ಕಾಳು ಯಾರ ಬಾಯಿಗೂ ಬ್ಯಾಡ. ಜೋಳ ಒಳಗ ಇರಲಿ, ಮ್ಯಾಲ ಮಣ್ಣು ತುಂಬಿಸಿಬಿಡು." ನಾನು ಒಪ್ಪಿದೆ. ಮೊದಲ ಬುಟ್ಟಿ ಮಣ್ಣು ಸುರಿದೆ. ಒಳಗಿನಿಂದ, ಮಲಗಿದವರು ಮಗ್ಗುಲು ಬದಲಿಸಿದಂತೆ ಸದ್ದು ಬಂತು. ಕಾಳು ಜಾರಿದ್ದಿರಬೇಕು. ಎರಡನೆಯ ಬುಟ್ಟಿ ನನ್ನ ಕೈಯಿಂದ ಏಳಲಿಲ್ಲ. ಬಾಯಿಗೆ ಎರಡು ಹಾಸುಗಲ್ಲು ಅಡ್ಡ ಎಳೆದೆ, ಮೇಲೆ ಆರು ಬಂಡಿ ಮಣ್ಣು ಹರವಿದೆ, ಬದಿಗೆ ಬೇವಿನ ಸಸಿ ನೆಟ್ಟೆ. ಊರಿಗೆ ನಲವತ್ತು ಬಂಡಿ ಎಂದು ಹೇಳಿದೆ. ನಲವತ್ತು ಎಂಬುದು ಬಾಯಿಗೆ ಚೆನ್ನಾಗಿ ಬಂತು, ವರ್ಷ ಕಳೆದಂತೆ ನನಗೂ ನಂಬಿಕೆ ಬಂತು.

ಕಾಂಪೌಂಡ್ ಕಟ್ಟುವ ಮುಂಚೆ ನೀನು ಕೇಳಿದ್ದೆ, "ಕಾಕಾ, ಈ ಕಣದಾಗ ಹಗೇವು ಇತ್ತಂತಲ್ಲ?" ನಾನು ಏನು ಹೇಳಿದೆ ನೆನಪಿದೆಯೇ? "ನಲವತ್ತ ಬಂಡಿ ಮಣ್ಣು ನಾನ ಹಾಕ್ಸೇನವ್ವಾ. ಮ್ಯಾಲ ಆನಿ ಕುಣಿಸು." ಆ ಮಾತು ನಂಬಿ ನೀನು ಆನೆ ಬಿಟ್ಟು ಮಕ್ಕಳನ್ನು ತರುತ್ತಿದ್ದೀ.

ಯುಗಾದಿಯಿಂದ ಹುಲ್ಲಿಗೆ ದಿನಾ ನೀರು ಬಿಟ್ಟೆವು. ಬೇವಿನ ಬೇರು ಕಲ್ಲುಗಳನ್ನು ಸರಿಸಿದೆ. ಆ ಸಂದಿನಲ್ಲಿ ನೀರು ಇಳಿದು ಹಳೆಯ ಜೋಳ ಹುಳಿಯುತ್ತಿದೆ, ಕೆಟ್ಟ ಗಾಳಿ ಮೇಲೆ ಬಂದು, ತಟ್ಟೆಯಂತೆ ತಗ್ಗಾದ ಆ ನೆರಳಿನಲ್ಲಿ ನೀರಿನ ಹಾಗೆ ನಿಲ್ಲುತ್ತಿದೆ. ಗೋಡೆ ಕಟ್ಟಿದ ಮೇಲೆ ಬೀಸುಗಾಳಿಯೂ ಇಲ್ಲ. ಕುರ್ಚಿ ಗಾಡಿ ಗಾಳಿ ಎಳೆಯುವ ಮೂಗು ನೆಲಕ್ಕೆ ಹತ್ತಿರ, ಮಲಗಿದ ಮಗುವಿನ ಮೂಗಿನಷ್ಟೇ. ನಿಟ್ಟುಸಿರೂ ಆ ಸಂದಿನಿಂದಲೇ ಬರುತ್ತಿತ್ತು ಎನ್ನುತ್ತಾನೆ ಯುನೂಸ್. ಅವನ ಮಾತು ಸರಿ ಇರಬಹುದು. ಅವನು ಹೊಳೆಪ್ಪನ ದನಿ ಕೇಳಿದವನಲ್ಲ.

ಗಾಡಿ ನಿಂತ ಮೊದಲ ದಿನವೇ ನನಗೆ ಜಾಗ ಗೊತ್ತಿತ್ತು, ಶಾಂಭವಿ. ಬೇವು ನೆಟ್ಟವನು ನಾನೇ ಅಲ್ಲವೇ? ಕಾರ್ಬೋರೇಟರ್ ನಾಲ್ಕು ಸಲ ಬಿಚ್ಚಿದ್ದು ಕೆಳಗೆ ನೋಡುವುದನ್ನು ತಪ್ಪಿಸಲು. ದೋಷ ಪೆಟ್ರೋಲಿನದಾಗಿರಲಿ ಎಂದು ಹರಕೆ ಹೊತ್ತ ಮೆಕ್ಯಾನಿಕ್ ನಾನೊಬ್ಬನೇ ಇರಬೇಕು.

ನಿನ್ನೆ ಮಧ್ಯಾಹ್ನ ಗಾಳಿ ಜೋರಾಗಿದ್ದಾಗ ಬದಿಯ ಮಣ್ಣು ತೆಗೆದು ಒಂದು ಕಲ್ಲು ಎತ್ತಿಸಿದೆವು. ಮೇಣಬತ್ತಿ ಡಬ್ಬಿಯಲ್ಲಿಟ್ಟು ಇಳಿಸಿದರೆ ಒಂದು ಮೊಳಕ್ಕೇ ಆರಿತು. ದೂರ ನಿಂತು ಬ್ಯಾಟರಿ ಬೆಳಕು ಬಿಟ್ಟೆವು. ಕಪ್ಪಾದ ಜೋಳ. ಅದರ ಮೇಲೆ ನಾನು ಸುರಿದ ಒಂದು ಬುಟ್ಟಿ ಮಣ್ಣಿನ ಗುಡ್ಡೆ. ಪಕ್ಕದಲ್ಲಿ ಹೊಳೆಪ್ಪನ ಬುಟ್ಟಿ ನೆಟ್ಟಗೆ ಕೂತಿದೆ, ಅರ್ಧ ತುಂಬಿದೆ. ಮೇಲಿನಿಂದ ಯಾರಾದರೂ ಎಳೆಯುತ್ತಾರೆಂದು ಕಾಯುವಂತೆ. ಯುನೂಸ್ ಬ್ಯಾಟರಿ ಆರಿಸಿ ಜಾಲಿಮುಳ್ಳು ತರಲು ಹೊರಟ.

ಸುತ್ತ ಜಾಲಿಮುಳ್ಳು ಹಾಕಿಸಿದ್ದೇನೆ, ಗೇಟಿಗೆ ಕೀಲಿ ಹಾಕಿದ್ದೇನೆ. ಯುನೂಸನ ಗ್ಯಾರೇಜಿನ ಗಾಳಿಯಂತ್ರ ಹಚ್ಚಿ ಎರಡು ದಿನ ಒಳಗೆ ಗಾಳಿ ಹೊಡೆಸುತ್ತೇವೆ. ಆಮೇಲೆ ಟ್ರ್ಯಾಕ್ಟರಿನಲ್ಲಿ ಗರಸು ಮಣ್ಣು ತಂದು ತುಂಬಿಸುವುದು. ಯಾರನ್ನೂ ಒಳಗೆ ಇಳಿಸುವುದಿಲ್ಲ. ಎಷ್ಟು ಟ್ರ್ಯಾಕ್ಟರ್ ಎಂದು ಈ ಸಲ ನಾನು ಹೇಳುವುದಿಲ್ಲ, ನೀನೇ ಬಂದು ನಿಂತು ಎಣಿಸು. ಭಾನುವಾರ ಮಕ್ಕಳ ತಾಯಿ ತಂದೆಯರನ್ನು ಕರೆದಿದ್ದೇನೆ. ಆರು ಬಂಡಿಯ ಮಾತನ್ನು ಅವರ ಮುಂದೆ ನನ್ನ ಬಾಯಿಂದಲೇ ಹೇಳುತ್ತೇನೆ. ನೆಲ ಕೂತುಕೊಳ್ಳುವವರೆಗೆ ಹದಿನೆಂಟು ಮಕ್ಕಳಿಗೆ ನಮ್ಮ ಪಡಸಾಲೆ ಇದೆ. ಅಲ್ಲಿ ಹುಲ್ಲಿಲ್ಲ, ನಿನ್ನ ಕಾಕಿಯ ಗೊಣಗಾಟ ಮಾತ್ರ ಇದೆ.

ಬೈಯುವುದಿದ್ದರೆ ಫೋನಿನಲ್ಲಿ ಬೇಡ, ಎದುರಿಗೆ ಬಂದು ಬೈ.

ಈ ತಾಲೂಕಿನ ಏಕೈಕ ಕುರ್ಚಿ ಗಾಡಿಯ ಮಾಲೀಕ, ನಿನ್ನ ಅಪ್ಪನ ತಮ್ಮ,
ಸಂಗನಬಸವ

ತಾ.ಕ.: ಅಂಟಿಸಿದ ಕವರನ್ನು ಬಿಚ್ಚಿ ಇದನ್ನು ಸೇರಿಸುತ್ತಿದ್ದೇನೆ. ಮೇಲೆ ಒಂದು ಸುಳ್ಳು ಉಳಿದಿದೆ. ಹೊಳೆಪ್ಪ ಅವಸರ ಮಾಡಲಿಲ್ಲ. ಹಗೇವಿನ ಬಾಯಿಗೆ ಕೂತು ನನ್ನನ್ನು ಕೇಳಿದ, "ದೀಪ ಇಳಿಸಿ ನೋಡಿದ್ರ್ಯಾ ಸಣ್ಣ ಸಾವಕಾರ್ರ?" ದೀಪದಲ್ಲಿ ಎಣ್ಣೆ ಇರಲಿಲ್ಲ, ಮನೆಯವರೆಗೆ ಬಿಸಿಲಲ್ಲಿ ಹೋಗಲು ನನಗೆ ಬೇಸರ. "ಹೂಂ, ಚಲೋ ಉರದೈತಿ, ಇಳಿ" ಎಂದೆ. ಅವನು ನನ್ನ ಮಾತು ನಂಬಿ ಇಳಿದ. ಅವಸರದ ಮನುಷ್ಯ ಎಂಬ ಮಾತನ್ನು ಊರಿಗೆ ಹಬ್ಬಿಸಿದವನೂ ನಾನೇ.

ಈಗಷ್ಟೇ ಸಾವಿತ್ರೆವ್ವನ ಮನೆಗೆ ಹೋಗಿ ಹೇಳಿ ಬಂದೆ. ಜೋಳ ಹಸನು ಮಾಡುತ್ತಿದ್ದಳು, ಮೊರ ನಿಲ್ಲಿಸಲಿಲ್ಲ. ಕೇರುತ್ತಲೇ ಅಂದಳು, "ಮೂವತ್ತೊಂದ ವರ್ಷ ನನ್ನ ಗಂಡನ್ನ ಅವಸರಗೇಡಿ ಅಂತ ದಿನಾ ಬೈಕೋತ ಬಂದೇನ್ರಿ. ಇನ್ನ ಯಾರನ್ನ ಬೈಲಿ?"

"ನನ್ನ ಬೈಯವ್ವಾ" ಎಂದೆ.

"ನಿಮ್ಮನ್ನ ಬೈಯಾಕ ಇನ್ನ ಮೂವತ್ತೊಂದ ವರ್ಷ ಎಲ್ಲಿಂದ ತರಲ್ರಿ?" ಎಂದಳು. ನಂದಾಳನ್ನು ಎತ್ತಿಕೊಂಡು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.